ಅಪ್ಪ ಬೆರೆಸಿದ ಲೆಕ್ಕ

ನನ್ನ ಅಪ್ಪ ನಿವೃತ್ತ ಗಣಿತ ಮೇಷ್ಟ್ರು. ನಿವೃತ್ತಿ ಆಗಿರುವುದು ಕಾಲೇಜಿನಿಂದ ಮಾತ್ರ, ಮನೆಯಿಂದಲ್ಲ. ನಡುಮನೆಯ ಗೋಡೆ ತುಂಬ ಕರಿಹಲಗೆ ಹೊಡೆಸಿಕೊಂಡು, ಮನೆಗೆ ಬಂದವರನ್ನೆಲ್ಲ ಅದರ ಮುಂದೆ ನಿಲ್ಲಿಸುತ್ತಾರೆ. ನಲ್ಲಿ ರಿಪೇರಿಗೆ ಬಂದವನೂ ಒಂದು ಡಿಫರೆನ್ಷಿಯೇಷನ್ ಮಾಡಿಯೇ ಹೋಗಬೇಕು.

"ಅದನ್ನ ಯಾರು ಬೇಕಾದ್ರೂ ಮಾಡ್ತಾರೆ. ಮನುಷ್ಯನ ಗುಣ ಗೊತ್ತಾಗೋದು ಇಂಟಿಗ್ರೇಷನ್‌ನಲ್ಲಿ" ಎಂಬುದು ಅವರ ಸಿದ್ಧಾಂತ. ಹಾಗಾಗಿ ನನ್ನನ್ನು ಮದುವೆಗೆ ಕೇಳಿಕೊಂಡು ಬಂದವನು ಹಲಗೆಯ ಮೇಲೆ ಒಂದು ಇಂಟಿಗ್ರೇಷನ್ ಬಿಡಿಸಲೇಬೇಕು. ಒಬ್ಬ ಎಂಜಿನಿಯರು, ಒಬ್ಬ ಆಡಿಟರು ಆಗಲೇ ಫೇಲಾಗಿದ್ದರು. ಪೀಡೆ ತೊಲಗಿತು ಅಂದುಕೊಂಡಿದ್ದೆ. ಆದರೆ ಈ ಸಲ ಬರುವವನು ನಾನೇ ಮೆಚ್ಚಿದ ಹಲ್ಲಿನ ಡಾಕ್ಟರು. ಅವನಿಗೆ ಲೆಕ್ಕ ಎಂದರೆ ಮೂವತ್ತೆರಡರವರೆಗೆ, ಅಷ್ಟೇ.

ನಾನೂ ಗಣಿತವನ್ನೇ ಹೇಳಿಕೊಡುವವಳು. ಅಪ್ಪ ಕೇಳುವುದು ಇ ಪವರ್ ಎಕ್ಸ್, ಇಲ್ಲವೇ ಲಾಗ್ ಎಕ್ಸ್. ಮೊದಲನೆಯದು ಸುಲಭ. ಏನು ಮಾಡಿದರೂ ಬದಲಾಗುವುದಿಲ್ಲ, ಥೇಟ್ ನಮ್ಮಪ್ಪ. ಲಾಗ್‌ಗೆ ಮಾತ್ರ ಉಪಾಯ ಬೇಕು: ಪಕ್ಕದಲ್ಲಿ ಒಂದು ಎಂಬ ಅಂಕಿ ನಿಂತಿದೆ ಎಂದುಕೊಂಡು, ಎರಡರ ಗುಣಾಕಾರವನ್ನು ಭಾಗ ಭಾಗವಾಗಿ ಬಿಡಿಸಬೇಕು. ಪಾಠ ಕ್ಲಿನಿಕ್ಕಿನಲ್ಲೇ ನಡೆಯಿತು. ಅವನು ಹಲ್ಲು ಕೊರೆಯುತ್ತ "ಎಕ್ಸ್ ಲಾಗ್ ಎಕ್ಸ್ ಮೈನಸ್ ಎಕ್ಸ್ ಪ್ಲಸ್ ಸಿ" ಎಂದು ಉರು ಹೊಡೆದ. ಬಾಯಿ ತೆರೆದು ಕೂತಿದ್ದ ರೋಗಿಗಳಿಗೂ ಅದು ಬಾಯಿಪಾಠವಾಯಿತು.

ಅವನು ಮನೆಗೆ ಬಂದ ದಿನ ಅಪ್ಪ ಅವನನ್ನೂ ನೋಡಿದರು, ನನ್ನನ್ನೂ ನೋಡಿದರು.

"ಮಗಳು ಹೇಳ್ಕೊಟ್ಟಿರ್ತಾಳೆ. ಅದಕ್ಕೆ ಎರಡನ್ನೂ ಬೆರೆಸಿ ಕೊಡ್ತೀನಿ, ತಾವು ಬಿಡಿಸಿ" ಎಂದು ಇ ಪವರ್ ಎಕ್ಸ್ ಬರೆದು ಲಾಗ್ ಎಕ್ಸ್‌ನಿಂದ ಗುಣಿಸಿಬಿಟ್ಟರು.

ಆ ಲೆಕ್ಕಕ್ಕೆ ಉತ್ತರವೇ ಇಲ್ಲ! ಅಪ್ಪ ಜೀವಮಾನವೆಲ್ಲ ಪುಸ್ತಕದ ಲೆಕ್ಕ ಬಿಡಿಸಿದವರು, ಹೀಗೆ ಬೆರೆಸಿದವರಲ್ಲ. ಹೇಳಿದರೆ ಹೊರಗಿನವನ ಮುಂದೆ ಅವರ ಮಾನ ಹೋಗುತ್ತದೆ, ಆ ಸಿಟ್ಟಿಗೇ ಮದುವೆ ಬೇಡ ಎನ್ನುತ್ತಾರೆ. ಹೇಳದಿದ್ದರೆ ಇವನು ಫೇಲು. ಅತ್ತ ದರಿ ಇತ್ತ ಪುಲಿ. ನಾನು ಬಾಯಿಗೆ ಬೀಗ ಹಾಕಿಕೊಂಡು ಕೂತೆ.

ಪಾಪ, ಮೊದಲ ಹೆಜ್ಜೆಯನ್ನು ಅವನು ಸರಿಯಾಗಿಯೇ ಇಟ್ಟ. ಉಳಿದದ್ದು ಇ ಪವರ್ ಎಕ್ಸ್ ಬೈ ಎಕ್ಸ್. ಅದನ್ನು ಬಿಡಿಸಹೋದರೆ ಕೆಳಗೆ ಎಕ್ಸ್ ಸ್ಕ್ವೇರ್ ಬಂತು, ಆಮೇಲೆ ಕ್ಯೂಬ್ ಬಂತು, ಲೆಕ್ಕ ಹನುಮಂತನ ಬಾಲವಾಯಿತು.

"ಸರ್, ಇದು ಬರ್ತಿಲ್ಲ."

"ತಮಗೆ ಬರ್ತಿಲ್ಲ ಅನ್ನಿ" ಎಂದು ಅಪ್ಪ ಸೀಮೆಸುಣ್ಣ ಕಸಿದುಕೊಂಡರು. ಉಳಿದ ಭಾಗವನ್ನು ತಿರುವುಮುರುವಾಗಿ ಬಿಡಿಸಿದರು. ಲೆಕ್ಕ ಊರೆಲ್ಲ ಸುತ್ತಿ ಹೊರಟಲ್ಲಿಗೇ ಬಂದು ನಿಂತಿತು. ಒರೆಸಿದರು, ಮತ್ತೆ ಬರೆದರು. ಅಮ್ಮ ಕಾಫಿ ತಂದಳು, ಆರಿತೆಂದು ಒಯ್ದು ಬಿಸಿ ಮಾಡಿ ಮತ್ತೆ ತಂದಳು. ಅಷ್ಟರಲ್ಲಿ ಅಪ್ಪನೂ ಅವನೂ ಹಲಗೆಯ ಒಂದೊಂದು ತುದಿಯಿಂದ ಗೀಚುತ್ತ ಬಂದು ನಡುವೆ ಡಿಕ್ಕಿ ಹೊಡೆದಿದ್ದರು. ಅಪ್ಪ ಒರೆಸಿದ ಜಾಗವನ್ನೇ ಮತ್ತೆ ಮತ್ತೆ ಒರೆಸುತ್ತಿದ್ದರು. ಮದುವೆ ಹಾಳಾಗಿ ಹೋಗಲಿ ಎನಿಸಿತು.

"ಸಾಕು ಅಪ್ಪ. ಅದಕ್ಕೆ ಉತ್ತರ ಇಲ್ಲ. ನಮಗೆ ಗೊತ್ತಿರೋ ಫಂಕ್ಷನ್‌ಗಳಲ್ಲಿ ಬರೆಯೋಕೇ ಆಗಲ್ಲ ಅಂತ ಸಾಬೀತಾಗಿದೆ."

ಅಪ್ಪ ಸೀಮೆಸುಣ್ಣ ಕೆಳಗಿಟ್ಟರು.

"ನಿಂಗೆ ಯಾವಾಗ ಗೊತ್ತಾಯ್ತು?"

"ನೀವು ಬರೆದ ತಕ್ಷಣ."

ಅವರು ಡಾಕ್ಟರ ಕಡೆ ತಿರುಗಿದರು. ಅವನ ಅಂಗಿ, ಮೂಗು, ಹುಬ್ಬು ಎಲ್ಲ ಬೆಳ್ಳಗಾಗಿದ್ದವು.

"ಈ ಪಾಪದವನನ್ನ ಇಷ್ಟು ಹೊತ್ತು ಒದ್ದಾಡೋಕೆ ಬಿಟ್ಟು ಕಲ್ಲಿನ ಹಾಗೆ ಕೂತಿದ್ದೀಯಲ್ಲೇ!" ಎಂದು ನನ್ನ ಮೇಲೆ ಹರಿಹಾಯ್ದು, ತಮ್ಮ ಟವೆಲ್ಲಿನಿಂದಲೇ ಅವನ ಹೆಗಲು ಒರೆಸಿದರು. "ನೋಡಪ್ಪ, ಇವಳು ನನ್ನ ಮಗಳೇ. ಆದ್ರೂ ಹೇಳ್ತೀನಿ, ಇನ್ನೊಂದ್ಸಲ ಯೋಚನೆ ಮಾಡು."

"ಮಾಡಾಯ್ತು, ಮಾವ" ಎಂದ ಅವನು.

ಕಂಡವರ ತಪ್ಪನ್ನೆಲ್ಲ ತಿದ್ದುವ ಅಪ್ಪ, ಆ ಮಾತನ್ನು ತಿದ್ದಲಿಲ್ಲ.