ಕೊನೆಯವಳ ಹೊರೆ

“ಏ ಬೋಸುಡಿ, ಕಣ್ಣ ಕಾಣೂದಿಲ್ಲೇನು ನಿನಗ? ಹಸಿ ಗ್ವಾಡಿ ಅದ, ಹಾಯಬ್ಯಾಡ ಅಂತ ಎಷ್ಟ್ ಸರ್ತಿ ಒದರಬೇಕು?”

ಮೇಸ್ತ್ರಿ ಭಗವಂತ ಕರಣೆಯನ್ನು ನಿಂಬೆವ್ವನ ಮುಖಕ್ಕೇ ಹಿಡಿದಿದ್ದ. ಅವಳೇನೂ ಗೋಡೆಗೆ ಹಾಯ್ದಿರಲಿಲ್ಲ. ತಲೆಯ ಮೇಲಿನ ಜಾಲಿ ಕಟ್ಟಿಗೆಯ ತುದಿ ತಾಗಿ ಹಸಿ ಗಿಲಾವದಲ್ಲಿ ಒಂದು ಗೆರೆ ಬಿದ್ದಿತ್ತು, ಅಷ್ಟೇ. ಸರಿಯಲು ಜಾಗವಾದರೂ ಎಲ್ಲಿತ್ತು? ಎದುರಿನಿಂದ ಪಲ್ಟಣದ ಲಾರಿ ಬರುತ್ತಿತ್ತು. ಸಡಕಿನ ಬದಿಗಿದ್ದ ನಾಲ್ಕು ಮೊಳದ ಕಾಲುದಾರಿಯನ್ನು ಪೆಟ್ರೋಲ್ ಪಂಪಿನ ಹೊಸ ಗೋಡೆ ನುಂಗಿತ್ತು.

ಲಾರಿ ಹೋದ ಮೇಲೆ ಧೂಳಿನಲ್ಲಿ ಮೂವರು ಹೆಂಗಸರೂ ಕೆಮ್ಮಿದರು. ಮುಂದೆ ನಿಂಬೆವ್ವ, ಅವಳ ಹಿಂದೆ ನೆರೆಮನೆಯ ಹೀರಾಬಾಯಿ, ಕೊನೆಗೆ ನಿಂಬೆವ್ವನ ಸೊಸೆ ತುಳಜಾಬಾಯಿ, ಆರು ತಿಂಗಳ ಬಸುರಿ. ಹಳ್ಳದಾಚೆಯ ಮಾದರ ಕೇರಿಯಿಂದ ಆಳಂದಕ್ಕೆ ಎರಡು ಹರದಾರಿ ನಡೆದು ಬಂದಿದ್ದರು.

“ಅತ್ತಿ, ಕಲ್ಲೆಲ್ಲಿ ಹೋತು?” ಎಂದಳು ತುಳಜಾಬಾಯಿ.

ಕಲ್ಲು ಇದ್ದಲ್ಲಿ ಎರಡು ಕುಣಿಗಳು ಬಾಯಿ ತೆರೆದುಕೊಂಡಿದ್ದವು.

ಅದು ಹೊರೆಗಲ್ಲು. ಕುತ್ತಿಗೆಯ ಮಟ್ಟಕ್ಕೆ ನಿಂತ ಎರಡು ಕಂಬಗಲ್ಲು, ಮೇಲೊಂದು ಹಾಸುಗಲ್ಲು. ಹೊರೆ ಹೊತ್ತವಳು ಹತ್ತಿರ ಹೋಗಿ ನಿಂತು ತಲೆಯ ಮೇಲಿನದನ್ನು ಅದರ ಮೇಲೆ ಜಾರಿಸಿದರೆ ಸಾಕು, ಬಗ್ಗಬೇಕಿಲ್ಲ. ಮತ್ತೆ ಹೊರುವಾಗಲೂ ಯಾರನ್ನೂ ಕರೆಯಬೇಕಿಲ್ಲ, ಸಿಂಬಿ ಇಟ್ಟುಕೊಂಡು ತಲೆ ಒಡ್ಡಿದರಾಯಿತು. ನೆಲಕ್ಕೆ ಇಳಿಸಿದ ಹೊರೆಯಾದರೆ ಇನ್ನೊಬ್ಬರು ಎತ್ತಿಸಬೇಕು. ಎತ್ತಿಸುವವರು ಎದೆಗೆ ಎದೆ ಕೊಟ್ಟು ನಿಲ್ಲಬೇಕು. ಕೇರಿಯ ಹೆಂಗಸಿಗೆ ಹಾಗೆ ನಿಂತು ಎತ್ತಿಸುವವರು ಊರಿನಲ್ಲಿ ಯಾರಿದ್ದಾರೆ? ಮೂವರು ಕೂಡಿ ಬಂದರೂ ಲೆಕ್ಕ ತಪ್ಪುತ್ತದೆ. ಇಬ್ಬರು ಸೇರಿ ಒಬ್ಬಳಿಗೆ ಎತ್ತಿಸುತ್ತಾರೆ, ಉಳಿದವಳು ಇನ್ನೊಬ್ಬಳಿಗೆ ಎತ್ತಿಸುತ್ತಾಳೆ. ಕೊನೆಯವಳಿಗೆ ಕಲ್ಲೇ ಗತಿ.

ಕಟ್ಟಿಗೆ ಬೇಕಾದವರೂ ಅಲ್ಲಿಗೇ ಬರುತ್ತಿದ್ದರು. ನೋಡಿ, ಮೂಸಿ, ದರ ಕೇಳುತ್ತಿದ್ದರು. ಗಿಟ್ಟದಿದ್ದರೆ “ಒಲ್ಲೆವ್ರಿ” ಎಂದು ಹೊತ್ತುಕೊಂಡು ಮುಂದಿನ ಓಣಿಗೆ ಹೋಗಬಹುದಿತ್ತು. ಆ ಒಂದು ಮಾತು ಆಡುವ ತಾಕತ್ತು ಹೆಂಗಸರಿಗೆ ಆ ಕಲ್ಲಿನಿಂದ ಬಂದಿತ್ತು.

“ನಿನ್ನ ಮಗನ್ನ ಕೇಳು,” ಎಂದ ಭಗವಂತ. “ಅವನೇ ಕಿತ್ತಾಂವ.”

ನಿಂಬೆವ್ವನ ಮಗ ಮಲ್ಕಪ್ಪ ಪಂಪಿನ ಕಟ್ಟೆಗೆ ಉಸುಕು ಹೊರುತ್ತಿದ್ದ. ಅವ್ವನನ್ನು ನೋಡಿ ಬುಟ್ಟಿ ಇಳಿಸಿ ಬಂದ.

“ಕಿತ್ತೇನಿ ಖರೆ. ಆದ್ರ ಒಡದಿಲ್ಲವ್ವಾ. ಆಕಡಿ ಬೇವಿನ ಗಿಡದ ಬುಡಕ ನಿಂದರಸ್ತೀವಿ, ಮುಕ್ಕಾಗದಂಗ ಇಳಸು ಅಂದಾರ ಧಣೇರು. ಗ್ವಾಣಿ ಹಾಸಿ, ಹಗ್ಗ ಕಟ್ಟಿ, ಕೂಸಿನ ಮಲಗಿಸಿದಂಗ ಮಲಗಿಸೇನಿ.”

ಹೇಳುವಾಗ ಅವನ ಮುಖದಲ್ಲಿ ಹೆಮ್ಮೆಯಿತ್ತು. ತಲೆಯ ಮೇಲೆ ಭಾರವಿದ್ದಾಗ ಹೆಚ್ಚು ಮಾತು ಬರುವುದಿಲ್ಲ. ಮೂವರೂ ಹೊರೆ ಇಳಿಸದೆಯೇ ಒಬ್ಬೊಬ್ಬರು ಒಂದೊಂದು ಓಣಿ ಹಿಡಿದರು.

ಪಂಪು ಮೊದಲು ಒಬ್ಬ ಸೇಠನದಾಗಿತ್ತು. ನಿಜಾಮನನ್ನು ಇಳಿಸಲು ಪಲ್ಟಣ ಬಂದ ವಾರದ ಗದ್ದಲದಲ್ಲಿ ಅದಕ್ಕೆ ಬೆಂಕಿ ಬಿತ್ತು. ಯಾರು ಹಚ್ಚಿದರೆಂದು ಊರಿಗೆಲ್ಲ ಗೊತ್ತಿತ್ತು, ಯಾರೂ ಹೇಳುತ್ತಿರಲಿಲ್ಲ. ಸೇಠ ಹೈದರಾಬಾದಿಗೆ ಹೋದವನು ತಿರುಗಿ ಬರಲಿಲ್ಲ. ಎರಡು ತಿಂಗಳಲ್ಲಿ ಜಾಗ ದೌಲತರಾಯನ ಹೆಸರಿಗಾಯಿತು. ನಿಜಾಮನ ಅಮಲದಾರರಿಗೆ ಕೋಳಿ ಕೊಯ್ಯಿಸಿ ಊಟ ಹಾಕುತ್ತಿದ್ದ ದೌಲತರಾಯ ಈಗ ಬಿಳಿ ಟೋಪಿ ಹಾಕಿಕೊಂಡಿದ್ದ. ಹಳೆಯ ಪಂಪಿನಲ್ಲಿ ಉಳಿದದ್ದು ಲಾಡ್ಲೆಸಾಬ ಒಬ್ಬನೇ. ಗಾಜಿನ ಕೊಳವೆಗೆ ಪೆಟ್ರೋಲು ಏರಿಸುವ ಹಿಡಿಕೆ ತಿರುಗಿಸುವುದು ಊರಲ್ಲಿ ಅವನಿಗೆ ಮಾತ್ರ ಬರುತ್ತಿತ್ತು. ಅದಕ್ಕೇ ಅವನನ್ನು ಇಟ್ಟುಕೊಂಡಿದ್ದರು. ಅವನೂ ಅದನ್ನು ಬಲ್ಲವನಾಗಿ ತಲೆ ತಗ್ಗಿಸಿ ಓಡಾಡುತ್ತಿದ್ದ.

ತುಳಜಾಬಾಯಿ ಹೋದ ಓಣಿಯಲ್ಲಿ ಮೂರು ಮನೆ ದಾಟಿದರೂ ಯಾರೂ ಕರೆಯಲಿಲ್ಲ. ಕುತ್ತಿಗೆಯ ನರ ಸೆಟೆದು ಕಣ್ಣಿಗೆ ಕತ್ತಲೆ ಬರತೊಡಗಿತು. ನಾಲ್ಕನೆಯದು ದೌಲತರಾಯನ ವಾಡೆ. ಅವನ ಹೆಂಡತಿ ಸುಭದ್ರಾಬಾಯಿ ಹೊಸ್ತಿಲಲ್ಲಿ ನಿಂತಿದ್ದಳು.

“ಹಸಿ ಕಟಗಿ ಕಾಣ್ತಾವ. ಇಳಸು, ನೋಡೂಣು.”

“ಒಣಗ್ಯಾವ್ರೀ ಬಾಯಾರ. ದರ ಹೇಳ್ರಿ, ಇಳಸ್ತೇನಿ.”

“ನೋಡ್ಲಾರ್ದ ಹ್ಯಾಂಗ ಹೇಳಲಿ? ಇಳಸಂದ್ರ ಇಳಸು ಬೇ.”

ತುಳಜಾಬಾಯಿ ಹೊರೆ ಕೆಡವಿದಳು. ಸುಭದ್ರಾಬಾಯಿ ಒಂದು ಕಟ್ಟಿಗೆಯನ್ನು ಕಾಲಿನಿಂದ ಹೊರಳಿಸಿ ನೋಡಿದಳು. ಒಳಗೆ ಹೋಗಿ ಮೊರದಲ್ಲಿ ಎರಡು ಹಿಡಿ ನುಚ್ಚು ತಂದಳು.

“ಇಷ್ಟ.”

“ಎವ್ವಾ, ಎರಡ ದಿನ ಕಡದದ್ರೀ ಇದು. ಇಷ್ಟಕ್ಕ ಒಲ್ಲೆ.”

“ಒಲ್ಲೆಂದ್ರ ಬಿಡು. ನಾ ಏನ್ ಕಸಗೋಳಾಕತ್ತೇನೇನು? ಎತ್ತಿಕೊಂಡು ಹೋಗು.”

ಸುಭದ್ರಾಬಾಯಿ ಬಾಗಿಲ ಚೌಕಟ್ಟಿಗೆ ಒರಗಿ ನಿಂತಳು, ಅವಸರವಿಲ್ಲದವಳಂತೆ. ತುಳಜಾಬಾಯಿ ಮೊಣಕಾಲೂರಿ ಹೊರೆಯ ಕೆಳಗೆ ತಲೆ ತೂರಿಸಿದಳು. ಏಳಲಾಗಲಿಲ್ಲ. ಹೊರೆಯನ್ನು ಗೋಡೆಗೆ ನಿಲ್ಲಿಸಿ ಬೆನ್ನು ಕೊಟ್ಟಳು. ಅದು ಜಾರಿ ಮುಂಗೈಗೆ ಮುಳ್ಳು ಗೀರಿತು. ಮೂರನೆಯ ಸಲ ಹೊಟ್ಟೆ ಒತ್ತಿ ಹಿಡಿದು ಅಲ್ಲೇ ಕೂತಳು. ಓಣಿಯಲ್ಲಿ ಹೋಗುತ್ತಿದ್ದ ಇಬ್ಬರು ಗಂಡಸರು ನೋಡಿ, ದೂರದಿಂದ ಸುತ್ತಿ ಹೋದರು.

“ಯಾರರ ಒಂದೀಟು ಕೈ ಹಚ್ಚ್ರೆಪ್ಪಾ!”

“ಚೀರಬ್ಯಾಡ ಬೇ, ಮನ್ಯಾಗ ಪೂಜಿ ನಡದದ,” ಎಂದಳು ಸುಭದ್ರಾಬಾಯಿ. ಮೊರವನ್ನು ಬಾಗಿಸಿ ಮೇಲಿನಿಂದಲೇ ನುಚ್ಚು ಸುರಿದಳು. ತುಳಜಾಬಾಯಿ ಸೆರಗು ಒಡ್ಡುವಷ್ಟರಲ್ಲಿ ಅರ್ಧ ಮಣ್ಣಿಗೆ ಬಿದ್ದಿತ್ತು.

ಅಂದಿನಿಂದ ಊರಿಗೆ ಯುಕ್ತಿ ತಿಳಿಯಿತು. ಯಾವ ಬಾಗಿಲಿಗೆ ಹೋದರೂ ಮೊದಲ ಮಾತು “ಇಳಸು, ನೋಡೂಣು.” ಇಳಿಸಿದ ಮೇಲೆ ಅವರು ಹೇಳಿದ್ದೇ ದರ.

ಮಲ್ಕಪ್ಪ ಎಂಟು ದಿನ ಬೇವಿನ ಗಿಡದ ಬುಡ ನೋಡಿದ. ಒಂಬತ್ತನೆಯ ದಿನ ದೌಲತರಾಯ ಕೆಲಸ ನೋಡಲು ಬಂದಾಗ ರುಮಾಲು ಬಿಚ್ಚಿ ಕೈಯಲ್ಲಿ ಹಿಡಿದು ಮುಂದೆ ಹೋದ.

“ಧಣೇರ, ಆ ಕಲ್ಲು ನಿಂದರಸೂದಿತ್ತು.”

“ಯಾವ ಕಲ್ಲಲೇ?”

ಮಲ್ಕಪ್ಪನ ಕಣ್ಣು ಧಣಿಯ ಕಾಲ ಕೆಳಗೆ ಹೋಯಿತು. ದೌಲತರಾಯ ತನ್ನ ಹೊಸ ಕೋಣೆಯ ಮೆಟ್ಟಿಲ ಮೇಲೆ ನಿಂತಿದ್ದ. ಮೆಟ್ಟಿಲು ನಯವಾಗಿತ್ತು. ನೂರಾರು ಹೊರೆಗಳು ಜಾರಿ ಜಾರಿ ಬಂದ ನಯ ಅದು.

“ಓ, ಇದೇನು? ಛಲೋ ಇಳಸಿದಿ ಮಗನ, ಒಂದ ಚಕ್ಕಿನೂ ಎದ್ದಿಲ್ಲ. ಅದಕ್ಕ ಇಲ್ಲಿ ಕೂಡಿಸಿದ್ವಿ.”

“ಹೆಣ್ಮಕ್ಕಳಿಗೆ ತ್ರಾಸ ಆಗಾಕತ್ತದ್ರಿ.”

“ನಿಮ್ಮ ಹೆಣ್ಮಕ್ಕಳ ತಲಿ ಗಟ್ಟಿ ಅದಾವಲೇ, ಏನಾಗೂದಿಲ್ಲ,” ಎಂದು ದೌಲತರಾಯ ನಕ್ಕ. ಅವನು ನಕ್ಕನೆಂದು ಭಗವಂತನೂ ನಕ್ಕ. “ಈಗ ಮೋಟಾರಿನ ಕಾಲ. ಕಲ್ಲು ಗಿಲ್ಲು ಅಂತ ಇನ್ನೊಂದ ಸರ್ತಿ ಬಾಯಿ ತಗದಿ, ಆ ಉಸುಕಿನ್ಯಾಗ ಹುಗೀತೇನಿ ಸೂಳಿಮಗನ. ನಡಿ, ಬುಟ್ಟಿ ಎತ್ತು.”

ಮಲ್ಕಪ್ಪ ಬುಟ್ಟಿ ಎತ್ತಿದ.

ಮನೆಗೆ ಬಂದು ಹೇಳಿದಾಗ ನಿಂಬೆವ್ವ ರೊಟ್ಟಿ ತಟ್ಟುತ್ತಿದ್ದ ಕೈ ನಿಲ್ಲಿಸಲಿಲ್ಲ.

“ಒಡದ ಹಾಕಿದ್ದಿ ಅಂದ್ರ ನಾಕ ಬೈದು ಬಿಡ್ತಿದ್ದೆ. ಅವರಿಗೇನೂ ಸಿಗ್ತಿರಲಿಲ್ಲ. ಕೂಸಿನಂಗ ಮಲಗಿಸಿ ಕೊಟ್ಟಿಯಲ್ಲೋ ಹುಚ್ಚಪ್ಯಾಲಿ.”

“ನಂಬಿದ್ನವ್ವಾ.”

“ಹೂಂ. ಉಣ್ಣು.”

ಪಂಪಿನ ಪೂಜೆಯ ದಿನ ಹೊಸ ತಹಸೀಲ್ದಾರ ಬಂದ. ಸೊಲ್ಲಾಪುರದ ಕಡೆಯಿಂದ ಸರ್ಕಾರ ಕಳಿಸಿದ ಮನುಷ್ಯ. ವಯಸ್ಸು ಚಿಕ್ಕದು, ಊರಿನ ಒಳಹೊರಗು ಅವನಿಗೆ ಗೊತ್ತಿರಲಿಲ್ಲ. ಅವನ ಜೀಪಿಗೇ ಮೊದಲ ಪೆಟ್ರೋಲು ಹಾಕುವುದೆಂದು ನಿಶ್ಚಯವಾಗಿತ್ತು. ಮಾವಿನ ತೋರಣ, ಬಾಳೆಕಂಬ, ಪೂಜಾರಿ, ಊರಿನ ನಾಲ್ಕು ದೊಡ್ಡ ಮನೆಯವರು. ಲಾಡ್ಲೆಸಾಬ ಹಿಡಿಕೆ ತಿರುಗಿಸಿ ಗಾಜಿನ ಕೊಳವೆ ತುಂಬಿಸಿ ನಿಂತಿದ್ದ. ಜೀಪು ಸಡಕಿನಿಂದ ಒಳಗೆ ತಿರುಗಬೇಕು, ಅಷ್ಟರಲ್ಲಿ ಮೂರು ಹೊರೆಗಳು ಬಂದವು.

“ಆಕಡಿ ಹೋಗ್ರಿ ಬೇ, ಆಕಡಿ!” ಭಗವಂತ ಓಡಿ ಬಂದ.

ಆಚೆ ಗಾಡಿಗಳು ಸಾಲಾಗಿ ನಿಂತಿದ್ದವು. ನಿಂಬೆವ್ವ ಆ ಕಡೆ ನೋಡಲೂ ಇಲ್ಲ. ತೋರಣದ ಕೆಳಗೆ ಬಂದು, ಪಂಪಿಗೂ ಜೀಪಿಗೂ ನಡುವೆ, ತಲೆ ವಾರೆ ಮಾಡಿ ಹೊರೆಯನ್ನು ಕೆಡವಿದಳು. ಪೂಜಾರಿ ಆರತಿ ತಟ್ಟೆ ಹಿಡಿದು ಮೂರು ಹೆಜ್ಜೆ ಹಿಂದೆ ಸರಿದ.

“ಏನಿದು?” ಎಂದ ತಹಸೀಲ್ದಾರ ಜೀಪಿನಿಂದಲೇ.

ದೌಲತರಾಯನ ಮುಖ ಕೆಂಪಾಯಿತು. “ಏ ಹಡಬಿಟ್ಟಿ, ಎತ್ತು! ಎತ್ತಿಕೊಂಡು ನಡಿ ಇಲ್ಲಿಂದ!”

“ಹೋಗ್ತೇನ್ರೀ ಧಣೇರ. ಎತ್ತಿಸ್ರಿ.”

“ಏ ಹೀರಾ! ಎತ್ತಿಸ್ರಿ ಬೇ ಆಕಿಗೆ.”

“ಎತ್ತಸ್ತೀವ್ರಿ,” ಎಂದಳು ಹೀರಾಬಾಯಿ. “ಖರೆ ನಮ್ಮ ತಲಿ ಮ್ಯಾಲ ಬೆಲ್ಲದ ಗಡಿಗಿ ಇಲ್ರಿ, ಹೊರಿ ಅದ. ಬಗ್ಗಾಕ ಬರೂದಿಲ್ಲ. ಇಳಸಲೇನ್ರಿ?”

“ಇಳಿಸಿ, ಬೇಗ ಏನಾದರೂ ಮಾಡಿ,” ಎಂದ ತಹಸೀಲ್ದಾರ ಗಡಿಯಾರ ನೋಡಿಕೊಳ್ಳುತ್ತ.

ಇನ್ನೆರಡು ಹೊರೆಗಳು ಬಿದ್ದವು. ಹೆಂಗಸರು ಹಗ್ಗ ಬಿಗಿದು, ಸಿಂಬಿ ಸರಿಮಾಡಿಕೊಂಡರು. ನಿಂಬೆವ್ವ, ಹೀರಾಬಾಯಿ ಕೂಡಿ ತುಳಜಾಬಾಯಿಗೆ ಎತ್ತಿಸಿದರು. ಆಮೇಲೆ ನಿಂಬೆವ್ವ ಹೀರಾಬಾಯಿಗೆ ಎತ್ತಿಸಿದಳು. ಇಬ್ಬರೂ ಸಡಕಿನ ಮೇಲೆ ಹೋಗಿ ನಿಂತರು.

ನಿಂಬೆವ್ವ ಕೈ ಕೊಡವಿಕೊಂಡಳು.

“ನಂದು ಉಳೀತ್ರಿ, ಸಾಹೇಬ್ರ.”

ತಹಸೀಲ್ದಾರ ಆ ಇಬ್ಬರನ್ನೂ ಈ ಒಂದು ಹೊರೆಯನ್ನೂ ನೋಡಿದ. “ಮೊದಲು ಏನು ಮಾಡುತ್ತಿದ್ದಿರಿ?”

“ಕಲ್ಲಿತ್ತ್ರಿ. ಕೊನಿಗೆ ಉಳದಾಕಿ ಅದರ ಮ್ಯಾಲಿಂದ ಹೊರತಿದ್ಲು. ಈ ಪಂಪ ಕಟ್ಟೂ ಮುಂದ ಕಿತ್ತಾರ.”

“ಸುಳ್ಳು ಬೊಗಳಬ್ಯಾಡ!” ಎಂದು ದೌಲತರಾಯ ಕೂಗಿದ. ಭಗವಂತ ಹೊರೆಯ ಹಗ್ಗ ಹಿಡಿದು ಎಳೆಯಲು ಬಂದ. ನಿಂಬೆವ್ವ ಹೊರೆಯ ಮೇಲೆ ಕೂತುಬಿಟ್ಟಳು. ಅವನ ಕೈ ಹಗ್ಗದಿಂದ ಒಂದು ಗೇಣು ದೂರದಲ್ಲಿ ನಿಂತಿತು.

“ಜಗ್ಗು. ನನ್ನೂ ಕೂಡೇ ಜಗ್ಗು. ಮುಟ್ಟಿದ್ರ ಜಳಕಾ ಮಾಡೀ ಅಂತ.”

ಉಸುಕಿನ ಗುಡ್ಡೆಯ ಹತ್ತಿರ ನಿಂತಿದ್ದ ಮಲ್ಕಪ್ಪ ಮುಂದೆ ಬಂದ. ನಿಂಬೆವ್ವ ತಲೆ ಅಲ್ಲಾಡಿಸಿದಳು.

“ನೀ ಬ್ಯಾಡ. ನೀ ಕಿತ್ತಾಂವ. ಕೀಳಿಸಿದವರು ಎತ್ತಿಸಲಿ.”

ಲಾಡ್ಲೆಸಾಬ ಹಿಡಿಕೆ ಬಿಟ್ಟು ಬಂದ. ಪೆಟ್ರೋಲಿನ ಕೈಯನ್ನು ಲುಂಗಿಗೆ ಒರೆಸಿಕೊಂಡು ಮೆಲ್ಲಗೆ, “ಏಳವ್ವಾ ತಂಗಿ, ನಾ ಎತ್ತಸ್ತೇನಿ. ಸುಮ್ನ ಯಾಕ ಜಗಳ?” ಎಂದ.

ನಿಂಬೆವ್ವ ಅವನನ್ನೇ ನೋಡಿದಳು. ಈ ಸಲ ಅವಳ ದನಿ ಇಳಿಯಿತು.

“ನೀ ಎತ್ತಸ್ತಿ ಅಂತ ಗೊತ್ತದಣ್ಣಾ. ಅದಕ್ಕ ನೀ ಬ್ಯಾಡ. ಹಿಂದಕ್ಕ ಸರಿ. ನಿನ್ನ ರೊಟ್ಟಿ ಹೋಗ್ತದ.”

ತಹಸೀಲ್ದಾರನಿಗೆ ಬೇಸರ ಬಂದಿತ್ತು. ಇನ್ನೊಂದು ಊರಿಗೆ ಹೋಗಬೇಕಿತ್ತು. “ಅಲ್ರೀ ದೌಲತರಾಯರೇ, ಇಷ್ಟಕ್ಕೆ ಇಷ್ಟು ಹೊತ್ತೇ? ನೀವೇ ಒಂದು ಕೈ ಹಚ್ಚಿ ಕಳಿಸಿಬಿಡಿ.”

ಅವನು ಸಹಜವಾಗಿ ಅಂದುಬಿಟ್ಟಿದ್ದ. ನಾಲ್ಕು ದೊಡ್ಡ ಮನೆಯವರು ದೌಲತರಾಯನ ಕೈಗಳನ್ನು ನೋಡಿದರು. ಪೂಜಾರಿ ಬೇರೆ ಕಡೆ ಮುಖ ತಿರುಗಿಸಿದ. ದೌಲತರಾಯ ಸಾಹೇಬನ ಕಡೆಗೆ ನಗಲು ನೋಡಿದ. ನಗೆ ಬರಲಿಲ್ಲ.

ನಿಂಬೆವ್ವ ಹೊರೆಯಿಂದ ಎದ್ದಳು. ಸಿಂಬಿಯನ್ನು ತಲೆಯ ಮೇಲೆ ಇಟ್ಟುಕೊಂಡಳು. ಹೊರೆಯ ಒಂದು ತುದಿಯನ್ನು ಎರಡೂ ಕೈಯಲ್ಲಿ ಹಿಡಿದು, ಇನ್ನೊಂದು ತುದಿಯನ್ನು ಅವನ ಕಡೆಗೆ ಬಿಟ್ಟು ನಿಂತಳು.

“ಬರ್ರಿ ಧಣೇರ. ಹೊತ್ತಾಗಾಕತ್ತದ.”

ಜೀಪಿನ ಡ್ರೈವರ್ ಇಂಜಿನ್ ಬಂದ್ ಮಾಡಿದ. ಸಡಕಿನ ಮೇಲೆ ತುಳಜಾಬಾಯಿ, ಹೀರಾಬಾಯಿ ಹೊರೆ ಹೊತ್ತೇ ನಿಂತಿದ್ದರು. ಇಬ್ಬರ ಕುತ್ತಿಗೆಯೂ ನಡುಗುತ್ತಿತ್ತು. ಇಳಿಸಲೂ ಇಲ್ಲ, ಬಿಟ್ಟು ಹೋಗಲೂ ಇಲ್ಲ.