ಏಳು ತಿಂಗಳ ಅಳತೆ, ಎಂಟು ತಿಂಗಳ ಮಗು

ಮಗನ ಮಣ್ಣಾದ ಮೇಲೆ ಮೊದಲ ಸಲ ಆ ಮನೆಯಲ್ಲಿ ಹೊಲಿಗೆ ಮಿಷನ್ ಸದ್ದು ಮಾಡಿತು. ನೆಂಟರು ಹಿಂದಿನ ದಿನವೇ ಹೊರಟುಹೋಗಿದ್ದರು. ಶಾಲೆ ತೆರೆಯುವ ಕಾಲ. ಯೂನಿಫಾರ್ಮ್ ಬಟ್ಟೆ ಕತ್ತರಿಸಿದಂತೆಯೇ ಬಿದ್ದಿತ್ತು. ಅತ್ತೆ ಮಿಷನ್ ತುಳಿಯುತ್ತಿದ್ದರು. ತುಂಬು ಬಸುರಿ ಸೊಸೆ ಗೋಡೆಗೆ ಒರಗಿ ಗುಂಡಿ ಹಚ್ಚುತ್ತಿದ್ದಳು.

ಆಸ್ಪತ್ರೆಯ ನರ್ಸಮ್ಮ ಬಂದದ್ದು ಆಗ. ಸಮಾಧಾನ ಹೇಳುವವರಂತೆ ಕೂತರು, ಆದರೆ ಕೇಳಿದ್ದು ಸ್ಕ್ಯಾನ್ ರಿಪೋರ್ಟನ್ನು. ಗಂಡನೇ ಕರೆದುಕೊಂಡು ಹೋಗಿ ಮಾಡಿಸಿದ್ದ ಸ್ಕ್ಯಾನ್ ಅದು. ವೈದ್ಯರಿಗೆ ತೋರಿಸುವ ಮೊದಲೇ ಅವನಿಗೆ ಅಪಘಾತವಾಯಿತು.

ಮಗು ಸಣ್ಣದಿದೆ ಎಂದಿದ್ದ ಆ ರಿಪೋರ್ಟನ್ನು ಸಾವಿಗೆ ಬಂದವರೆಲ್ಲ ನೋಡಿಯಾಗಿತ್ತು. ದುಃಖಕ್ಕೆ ಸೊರಗಿದೆ ಎಂದರು ಒಬ್ಬರು. ಸ್ಕ್ಯಾನ್ ಆದದ್ದು ದುಃಖಕ್ಕೆ ಮೊದಲು ಎಂಬುದು ಯಾರಿಗೂ ಹೊಳೆಯಲಿಲ್ಲ. ಸಣ್ಣ ಕೂಸಾದರೆ ಹೆರಿಗೆ ಸಲೀಸು, ಊಟ ಕಡಿಮೆ ಮಾಡು ಎಂದರು ಇನ್ನೊಬ್ಬರು. ತಲೆಗೊಂದು ಮಾತು. ಆಸ್ಪತ್ರೆಗೆ ನಡಿ ಎಂದ ಬಾಯಿ ಒಂದೂ ಇಲ್ಲ.

ಅತ್ತೆಯ ಲೆಕ್ಕ ಬೇರೆ. ಅವರು ಹೊಲಿಯುವ ಅಂಗಿಯ ಕಾಲರಿನಲ್ಲಿ ವಯಸ್ಸೇ ಸೈಜು: ಆರು ವರ್ಷದ್ದು, ಎಂಟು ವರ್ಷದ್ದು. ರಿಪೋರ್ಟಿನಲ್ಲಿ ಮಗುವಿನ ತಲೆ, ಹೊಟ್ಟೆ, ತೊಡೆಮೂಳೆಯ ಅಳತೆ ಏಳು ತಿಂಗಳಿನದು ಎಂದಿದೆ. ಹಾಗಾದರೆ ಮಗುವಿಗೆ ಏಳೇ ತಿಂಗಳು. ಎಂಟು ತುಂಬಿತೆಂದು ಎಣಿಸಿದ್ದೇ ತಪ್ಪು. ಯೂನಿಫಾರ್ಮ್ ಕೊಟ್ಟು ಮುಗಿಸಿ ನಿಧಾನಕ್ಕೆ ಹೋದರಾಯಿತು.

ಅತ್ತೆ ಈ ಲೆಕ್ಕ ಹೇಳಿದಾಗ ನರ್ಸಮ್ಮನ ಮುಖ ಬಿಗಿಯಾಯಿತು. ರಾಶಿಯಿಂದ ಒಂದು ಅಂಗಿ ಎಳೆದರು.

"ಅಮ್ಮಾ, ಇದು ಎಷ್ಟು ವರ್ಷದ್ದು?"

"ಆರು."

"ಎಂಟು ವರ್ಷದ ಹುಡುಗ ಒಬ್ಬ, ಕಡ್ಡಿ ಹಾಗಿದಾನೆ. ಇದು ಅವನಿಗೆ ಸರಿಯಾಗಿ ಕೂತ್ಕೊಳ್ತು ಅನ್ನಿ. ಅವನಿಗೆ ಆರೇ ವರ್ಷ ಅಂತ ಒಂದನೇ ಕ್ಲಾಸಿಗೆ ವಾಪಸ್ ಕಳಿಸ್ತೀರಾ?"

"ಅದು ಹೇಗಾಗುತ್ತೆ. ಹುಡುಗ ಸೊರಗಿದಾನೆ ಅಷ್ಟೆ."

ಹೇಳಿದವರೇ ತುಳಿಯುವುದನ್ನು ನಿಲ್ಲಿಸಿದರು.

ನರ್ಸಮ್ಮ ಬಿಡಿಸಿ ಹೇಳಿದರು. ಮೊದಲ ಮೂರು ತಿಂಗಳೊಳಗಿನ ಸ್ಕ್ಯಾನ್‌ನಲ್ಲಿ ಗೊತ್ತಾದ ಹೆರಿಗೆಯ ದಿನವೇ ದಿನ. ಸೊಸೆಗೆ ಆ ಸ್ಕ್ಯಾನ್ ಆಗಿದೆ, ಅದರ ಲೆಕ್ಕಕ್ಕೆ ಈಗ ಎಂಟು ತುಂಬಿದೆ. ಆಮೇಲಿನ ಸ್ಕ್ಯಾನ್ ದಿನ ಬದಲಿಸುವುದಕ್ಕಲ್ಲ, ದಿನಕ್ಕೆ ತಕ್ಕ ಬೆಳವಣಿಗೆ ಇದೆಯೇ ಎಂದು ನೋಡುವುದಕ್ಕೆ. ಕೆಲವು ಮಕ್ಕಳ ಮೈಕಟ್ಟೇ ಸಣ್ಣದು, ಅದಕ್ಕೆ ಹೆದರಬೇಕಿಲ್ಲ. ಕೆಲವಕ್ಕೆ ಹೊಕ್ಕುಳಬಳ್ಳಿಯಲ್ಲಿ ಸಾಕಷ್ಟು ರಕ್ತ ಹರಿಯುತ್ತಿರುವುದಿಲ್ಲ. ಯಾವುದು ಎಂದು ಹೇಳಬೇಕಾದವರು ವೈದ್ಯರು, ನೆಂಟರಲ್ಲ. ಬಳ್ಳಿಯ ರಕ್ತದ ಹರಿವು ನೋಡಿ, ಬೇಕಾದರೆ ಎರಡು ವಾರ ಬಿಟ್ಟು ಮತ್ತೆ ಅಳೆದು ಹೇಳುತ್ತಾರೆ.

ಆಮೇಲೆ ಸೊಸೆಯ ಕಡೆ ತಿರುಗಿ, ಮಗು ಒದೆಯುತ್ತಿದೆಯೇ ಎಂದು ಕೇಳಿದರು.

"ನಿನ್ನೆಯಿಂದ ಕಮ್ಮಿ," ಎಂದಳು ಅವಳು. "ಯಾರೂ ಕೇಳ್ಲಿಲ್ಲ. ನಾನೂ ಹೇಳ್ಲಿಲ್ಲ."

ಹೊಲಿಯುತ್ತಿದ್ದ ಅಂಗಿಯನ್ನು ಪಕ್ಕಕ್ಕಿಟ್ಟು ಎದ್ದಳು. "ಅತ್ತೆ, ನಿಮ್ಮ ಮಗನ್ನ ಉಳಿಸ್ಕೊಳ್ಳೋದು ನಮ್ಮ ಕೈಲಿರ್ಲಿಲ್ಲ. ಈ ಮಗೂನ ಉಳಿಸ್ಕೊಳ್ಳೋದು ಇದೆ. ನಾನು ಈಗ್ಲೇ ಹೊರಟೆ."

ಅತ್ತೆ ಅವಳಿಗಿಂತ ಮೊದಲು ಚಪ್ಪಲಿ ಮೆಟ್ಟಿದ್ದರು.

ಆಸ್ಪತ್ರೆಯಲ್ಲಿ ನೋಡಿದಾಗ ಬಳ್ಳಿಯಲ್ಲಿ ರಕ್ತದ ಹರಿವು ತೀರ ಕುಗ್ಗಿತ್ತು. ವೈದ್ಯರು ಕಾಯಲಿಲ್ಲ, ಅಂದೇ ಹೆರಿಗೆ ಮಾಡಿಸಿದರು. ಹೆಣ್ಣು ಮಗು, ತೂಕ ಎರಡು ಕೆಜಿಗೂ ಕಡಿಮೆ. ಮೊದಲೇ ತಿಳಿದಿದ್ದರಿಂದ ಎಲ್ಲ ಸಿದ್ಧವಿತ್ತು: ಒರೆಸಿ ತಾಯಿಯ ಎದೆಗೆ ಒರಗಿಸಿ ಬೆಚ್ಚಗಿಟ್ಟರು, ಬೇಗ ಎದೆಹಾಲು ಕುಡಿಸಿದರು, ರಕ್ತದ ಸಕ್ಕರೆ ನೋಡುತ್ತಲೇ ಇದ್ದರು. ಯೂನಿಫಾರ್ಮ್ ಮುಗಿಸಿ ಬಂದಿದ್ದರೆ ಏನಾಗುತ್ತಿತ್ತು ಎಂದು ಅತ್ತೆ ಕೇಳಿದರು. ವೈದ್ಯರು ಮಗುವಿನ ಟೋಪಿಯನ್ನು ಕಿವಿ ಮುಚ್ಚುವಂತೆ ಎಳೆದರು.

ಮಗುವಿನ ಕೆನ್ನೆ ತುಂಬಿಕೊಂಡ ಮೇಲೆ, ಸೊಸೆ ಎದುರಿನ ಬಟ್ಟೆ ಒಗೆಯುವ ಅಂಗಡಿಗೆ ಹೋದಳು. ಕೈಯಲ್ಲಿ ಗಂಡ ಅಲ್ಲಿಂದ ಕಡ ತಂದಿದ್ದ ಇಸ್ತ್ರಿ ಪೆಟ್ಟಿಗೆ. ಅಂಗಡಿಯವನು ಸಂತೋಷದಿಂದ ತನ್ನ ಮನೆಯ ಸುದ್ದಿ ಹೇಳಿದ: ಹೊಸ ಸ್ಕ್ಯಾನ್‌ನಲ್ಲಿ ಹೆಂಡತಿಯ ಹೆರಿಗೆಯ ದಿನ ಮುಂದಕ್ಕೆ ಹೋಗಿದೆಯಂತೆ, ಇನ್ನೂ ಟೈಮಿದೆಯಂತೆ.

ಅವಳು ಪೆಟ್ಟಿಗೆಯನ್ನು ಮೇಜಿನ ಮೇಲಿಟ್ಟಳು.

"ಅಣ್ಣಾ, ಅವರು ತಂದಿದ್ದು ಇದು, ತಗೊಳ್ಳಿ. ಅಂಗಡಿ ಬಾಗಿಲು ಹಾಕಿ, ಅತ್ತಿಗೇನ ಕರ್ಕೊಂಡು ಈಗ್ಲೇ ಡಾಕ್ಟರ ಹತ್ರ ಹೋಗಿ. ದಿನ ಮುಂದೆ ಹೋಗಿಲ್ಲ. ಮಗು ಹಿಂದೆ ಬಿದ್ದಿರಬಹುದು."

ಇದನ್ನು ಓದುತ್ತಿರುವ ನಿಮಗೂ ಅದೇ ಮಾತು. ಮೊದಲ ಮೂರು ತಿಂಗಳೊಳಗೆ ಸ್ಕ್ಯಾನ್ ಮಾಡಿಸಿ. ಆಮೇಲಿನ ರಿಪೋರ್ಟ್ ಬಂದ ದಿನವೇ ವೈದ್ಯರಿಗೆ ತೋರಿಸಿ. ಒದೆತ ಕಡಿಮೆಯಾದರೆ, ಮನೆಯಲ್ಲಿ ಏನೇ ನಡೆಯುತ್ತಿರಲಿ, ಆ ಗಳಿಗೆಯೇ ಆಸ್ಪತ್ರೆಗೆ ಹೊರಡಿ.