ಹುಬ್ಬಳ್ಳಿಗೆ ಬಂದ ಲವೀನಾ

ಬೆಳಿಗ್ಗೆ ಆರು ಗಂಟೆ ಹತ್ತು ನಿಮಿಷಕ್ಕೆ ಯಂತ್ರದ ಅಲಗು ನನ್ನ ಮೂರು ಅಂಚುಗಳನ್ನು ಸವರಿತು. ನಾನು ಪುಸ್ತಕವಾದೆ. ಅದು ಅಮೆರಿಕದ ಒಂದು ಮುದ್ರಣಾಲಯ. ಆ ದಿನ ಅಲ್ಲಿ ನನ್ನಂಥವು ಸಾವಿರಾರು ಹುಟ್ಟಿದವು.

ನಾನು ಒಂದು ಪ್ರೇಮ ಕಾದಂಬರಿ. ನನ್ನೊಳಗಿರುವುದು ಆಮಿಶ್ ಜನರ ಕಥೆ. ಆಮಿಶರು ಕ್ರೈಸ್ತರಲ್ಲಿ ಒಂದು ಕಟ್ಟುನಿಟ್ಟಿನ ಪಂಗಡದವರು. ಕುದುರೆಗಾಡಿಯಲ್ಲಿ ಓಡಾಡುತ್ತಾರೆ. ಊರಿನ ವಿದ್ಯುತ್ ತಂತಿಯನ್ನು ಮನೆಯೊಳಕ್ಕೆ ಬಿಟ್ಟುಕೊಳ್ಳುವುದಿಲ್ಲ. ಫೋಟೊಗೆ ಮುಖ ಕೊಟ್ಟು ನಿಲ್ಲುವುದಿಲ್ಲ. ನನ್ನ ಮುಖಪುಟದಲ್ಲಿ ಮಾತ್ರ ಬಿಳಿ ಟೊಪ್ಪಿಗೆಯ ಹುಡುಗಿಯೊಬ್ಬಳು ಚೆನ್ನಾಗಿಯೇ ಮುಖ ಕೊಟ್ಟು ನಿಂತಿದ್ದಾಳೆ. ಆಕೆ ಜಾಹೀರಾತುಗಳಿಗೆ ನಿಲ್ಲುವ ಹುಡುಗಿ. ತುಟಿಯ ಬಣ್ಣ ಒರೆಸಿಕೊಂಡು ಬಂದಿದ್ದಳು, ಪೂರ್ತಿ ಹೋಗಿರಲಿಲ್ಲ.

ಕಥೆಯ ನಾಯಕಿ ಲವೀನಾ. ದೀಕ್ಷಾಸ್ನಾನದಲ್ಲಿ ಪಂಗಡಕ್ಕೆ ಮಾತು ಕೊಟ್ಟವಳು, ಆಮೇಲೆ ಹೊರಗಿನ ಹುಡುಗನನ್ನು ಮದುವೆಯಾಗಿ ಹೊರಟುಹೋಗುತ್ತಾಳೆ. ಪಂಗಡ ಅವಳಿಗೆ ಬಹಿಷ್ಕಾರ ಹಾಕುತ್ತದೆ. ಕೊನೆಯ ಪುಟದಲ್ಲಿ ತಾಯಿ ಓಡಿಬಂದು ತಬ್ಬಿಕೊಳ್ಳುತ್ತಾಳೆ, ಆಕಾಶದಲ್ಲಿ ಕಾಮನಬಿಲ್ಲು.

ನನ್ನ ಮೊದಲ ಮನೆ ಓಹಾಯೋ ರಾಜ್ಯದ ಒಂದು ಸಣ್ಣ ಊರಿನ ಗ್ರಂಥಾಲಯ. ಅದರ ಮುಂದೆ ಕುದುರೆ ಕಟ್ಟಲು ಒಂದು ಕಂಬಿ ಇತ್ತು. ಒಂದು ಮಧ್ಯಾಹ್ನ ನಿಜವಾದ ಆಮಿಶ್ ಅಕ್ಕತಂಗಿಯರು ಬಂದು ನನ್ನನ್ನು ಕಪಾಟಿನಿಂದ ಎಳೆದರು.

"ಲವೀನಾ ಹಾಲು ಕರೆಯುತ್ತ ಚಂದ್ರನನ್ನು ನೋಡಿ ನಿಟ್ಟುಸಿರಿಟ್ಟಳಂತೆ," ಎಂದಳು ಅಕ್ಕ.

"ಅಷ್ಟರಲ್ಲಿ ಹಸು ಒದ್ದಿರುತ್ತದೆ," ಎಂದಳು ತಂಗಿ.

ನಗುತ್ತಲೇ ನನ್ನನ್ನು ಗಾಡಿಗೆ ಹಾಕಿಕೊಂಡು ಹೋದರು. ಪೂರ್ತಿ ಓದಿ ತಂದುಕೊಟ್ಟರು. ಕೊನೆಯ ಪುಟದಲ್ಲಿ ಅಕ್ಕ ಬಹಳ ಹೊತ್ತು ನಿಂತಿದ್ದಳು.

ಓದುಗರು ಕಡಿಮೆಯಾದಾಗ ಗ್ರಂಥಾಲಯ ನನಗೆ 'ಹಿಂತೆಗೆದಿದೆ' ಎಂಬ ಮುದ್ರೆ ಒತ್ತಿತು. ಹಳೆಯ ಪುಸ್ತಕಗಳ ಮೂಟೆಯಲ್ಲಿ ನಾನು ಹಡಗು ಹತ್ತಿದೆ. ನನ್ನ ಬೆನ್ನಿಗೆ ಅಂಟಿಕೊಂಡಂತೆ ಇನ್ನೊಂದು ಪುಸ್ತಕವಿತ್ತು. ಅದಕ್ಕೆ ಬೂದು ಬಣ್ಣದ ರಟ್ಟು, ಮುಖಪುಟದಲ್ಲಿ ಚಿತ್ರವೇ ಇಲ್ಲ. ಒಳಗೆ ಆಮಿಶ್ ಮನೆಗಳಲ್ಲಿ ಹುಟ್ಟಿ ಬೆಳೆದವರು ತಾವೇ ಹೇಳಿದ ನಿಜಸಂಗತಿಗಳು. ಹುಬ್ಬಳ್ಳಿಯ ಕಲ್ಯಾಣಮಂಟಪವೊಂದರಲ್ಲಿ ಕಿಲೋ ಲೆಕ್ಕದಲ್ಲಿ ಪುಸ್ತಕ ಮಾರುವಾಗ ತಕ್ಕಡಿಗೆ ನಾವಿಬ್ಬರೂ ಒಟ್ಟಿಗೇ ಬಿದ್ದೆವು.

ಕೊಂಡವರು ನೀಲಾಂಬಿಕಾ ಟೀಚರ್. ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತರಾದವರು. ಗಂಡ ತೀರಿಕೊಂಡ ಮೇಲೆ, ಗಂಡನ ಅಕ್ಕ ಗುರಕ್ಕನೊಂದಿಗೆ ವಿದ್ಯಾನಗರದಲ್ಲಿದ್ದರು.

"ಇಕಿ ಯಾರ, ನರ್ಸೇನ?" ನನ್ನ ಮುಖ ನೋಡಿ ಗುರಕ್ಕ ಕೇಳಿದಳು.

"ಅಲ್ಲ ಬಿಡ ಅಕ್ಕ. ಅವರ ಮಂದಿ ತಲಿ ಮುಚ್ಕೋತಾರ, ನಾವು ಸೆರಗ ಹೊದ್ಕೊಂಡಂಗ."

ಅಂದಿನಿಂದ ಊಟವಾದ ಮೇಲೆ ಟೀಚರ್ ಓದಿ ಕನ್ನಡದಲ್ಲಿ ಹೇಳುವುದು, ಗುರಕ್ಕ ಮೊರದಲ್ಲಿ ಬೇಳೆ ಹಸನು ಮಾಡುತ್ತ ಕೇಳುವುದು ನಡೆಯಿತು. ಒಂದು ದಿನ ನಾನು, ಒಂದು ದಿನ ಬೂದು ರಟ್ಟಿನದು. ಸುಟ್ಟುಹೋದ ಕೊಟ್ಟಿಗೆಯನ್ನು ಊರವರೆಲ್ಲ ಸೇರಿ ಬೆಳಿಗ್ಗೆ ಎಬ್ಬಿಸಲು ಶುರುಮಾಡಿ ಸಂಜೆಗೆ ದನ ಕಟ್ಟಿದ ಸಂಗತಿ ಬೂದು ರಟ್ಟಿನದರಲ್ಲಿತ್ತು. ಗುರಕ್ಕನ ಕೈ ಮೊರದಲ್ಲೇ ನಿಂತಿತು.

"ಒಂದ ದಿನದಾಗ? ನಮ್ಮ ಬಚ್ಚಲದ ಬಾಗಲಾ ಮೂರ ತಿಂಗಳಾತು, ಆ ಬಡಿಗ್ಯಾ ಇನ್ನೂ ಅಳತೀನ ತಗೊಳ್ಳಾಕತ್ತಾನ."

ಕೇಳುತ್ತಿದ್ದ ನಾನೂ ಬೆರಗಾದೆ. ಆಮಿಶರ ಕಥೆ ಹೊಟ್ಟೆಯಲ್ಲಿಟ್ಟುಕೊಂಡು ಅರ್ಧ ಭೂಮಿ ಸುತ್ತಿದ್ದರೂ, ಆಮಿಶರ ಬಗ್ಗೆ ನನಗೆ ಗೊತ್ತಿದ್ದದ್ದು ಅಷ್ಟಕ್ಕಷ್ಟೇ.

ಈ ಮನೆಯಲ್ಲೂ ಒಬ್ಬ ಲವೀನಾ ಇದ್ದಾಳೆಂದು ತಿಳಿದದ್ದು ನನ್ನ ಕೊನೆಯ ಪುಟ ಓದಿದ ದಿನ. ಟೀಚರ್ ನನ್ನನ್ನು ಮುಚ್ಚಿ, "ಇದು ಸುಳ್ಳು," ಎಂದರು. "ಕೊಟ್ಟ ಮಾತ ಬಿಟ್ಟು ಯಾವ ತಾಯಿ ಹಿಂಗ ಓಡಿಬರ್ತಾಳ?"

"ನೀ ಓಡಂಗಿಲ್ಲ ಅಂತ ನನಗ ಗೊತ್ತೈತಿ," ಎಂದಳು ಗುರಕ್ಕ. "ಗೋಡಿನೂ ಒಂದಿನ ಜರಗೀತು, ನೀ ಜರಗಂಗಿಲ್ಲ."

ಮಗಳು ವಿಶಾಲಿ ಬೇರೆ ಜಾತಿಯ ಹುಡುಗನನ್ನು ಮದುವೆಯಾಗಿ ಗದಗದಲ್ಲಿದ್ದಳು. ಮದುವೆಯ ಸುದ್ದಿ ಬಂದ ದಿನ ಟೀಚರ್ ಬಂಧುಬಳಗದ ಎದುರು ಕೊರಳಿನ ಇಷ್ಟಲಿಂಗ ಮುಟ್ಟಿ, ಮಗಳ ಜೊತೆ ಒಂದೇ ಚಾಪೆಯ ಮೇಲೆ ಕೂತು ಉಣ್ಣುವುದಿಲ್ಲ ಎಂದು ಆಣೆ ಮಾಡಿದ್ದರು. ಲಿಂಗ ಮುಟ್ಟಿ ಆಡಿದ ಮಾತು; ಹಿಂದಕ್ಕೆ ಪಡೆಯುವಂತಿರಲಿಲ್ಲ. ತಂದೆಯ ಪುಣ್ಯಸ್ಮರಣೆಗೆ ವಿಶಾಲಿ ವರ್ಷಕ್ಕೊಮ್ಮೆ ಬರುತ್ತಿದ್ದಳು. ಅಡುಗೆಮನೆಯಲ್ಲಿ ಒಬ್ಬಳೇ ಉಂಡು ಹೋಗುತ್ತಿದ್ದಳು. ಈ ಸಲ ಬರುವುದೇ ಕೊನೆ, ಇನ್ನು ಬರುವುದಿಲ್ಲ ಎಂದು ಗುರಕ್ಕನಿಗೆ ಫೋನಿನಲ್ಲಿ ಹೇಳಿದ್ದಳು. ಗುರಕ್ಕ ಅದನ್ನು ಟೀಚರ್‌ಗೆ ಮುಟ್ಟಿಸಿದ್ದಳು.

ಮರುದಿನ ಬೂದು ರಟ್ಟಿನ ಪುಸ್ತಕದ ಸರದಿ. ಅದರಲ್ಲೂ ಬಹಿಷ್ಕಾರವಾದ ಮಗಳೊಬ್ಬಳಿದ್ದಳು. ಪಂಗಡದ ನಿಯಮದಂತೆ ಅಂಥವರ ಜೊತೆ ಒಂದೇ ಮೇಜಿನಲ್ಲಿ ಕೂತು ಉಣ್ಣುವಂತಿಲ್ಲ. ಆ ಮನೆಯ ತಾಯಿ ನಿಯಮ ಮುರಿಯಲಿಲ್ಲ. ಎರಡು ಮೇಜುಗಳನ್ನು ತಂದು, ನಡುವೆ ಬೆರಳಷ್ಟು ಸಂದು ಬಿಟ್ಟು ಇಟ್ಟಳು. ಎರಡರ ಮೇಲೂ ಸೇರಿ ಒಂದೇ ಬಟ್ಟೆ ಹಾಸಿದಳು. ಮೇಜು ಬೇರೆ, ಬಟ್ಟೆ ಒಂದೇ. ಮಗಳು ಎದುರಿಗೆ ಕೂತು ಉಂಡಳು. ಆ ತಾಯಿ ಇರುವವರೆಗೂ ಆ ಮನೆಯಲ್ಲಿ ಹಾಗೆಯೇ ನಡೆಯಿತು.

ಟೀಚರ್ ಅದನ್ನು ಇನ್ನೊಮ್ಮೆ ಓದಿದರು, ಕನ್ನಡದಲ್ಲಿ ಹೇಳದೆ, ತಮಗೆ ತಾವೇ. ಕನ್ನಡಕ ತೆಗೆದು ಸೆರಗಿನಿಂದ ಒರೆಸಿಕೊಂಡರು.

ನನ್ನ ಕಾಮನಬಿಲ್ಲು ಮಾಡಲಾಗದ್ದನ್ನು ಆ ಬೆರಳಗಲದ ಸಂದು ಮಾಡಿತು. ಅಷ್ಟು ಬಿಗಿಯಾದ ಜನ, ಕಟ್ಟಳೆಯನ್ನೂ ಮಗಳನ್ನೂ ಬಿಡದೆ ಹಿಡಿದುಕೊಳ್ಳುವ ದಾರಿಯನ್ನು ಒಂದು ಬಟ್ಟೆಯ ಕೆಳಗೆ ಕಂಡುಕೊಂಡಿದ್ದರು. ಇಂಥದ್ದು ನನ್ನನ್ನು ಬರೆದವರಿಗೆ ಹೊಳೆದಿರಲಿಲ್ಲ.

ಪುಣ್ಯಸ್ಮರಣೆಯ ದಿನ ಗೋಡೆಯ ಗೂಡಿನಲ್ಲಿದ್ದ ನನಗೆ ಪಡಸಾಲೆ ಪೂರ್ತಿ ಕಾಣುತ್ತಿತ್ತು. ಟೀಚರ್ ಎರಡು ಚಾಪೆ ಹಾಸಿದರು. ನಡುವೆ ನಾಲ್ಕು ಬೆರಳು ಜಾಗ ಬಿಟ್ಟರು. ಟ್ರಂಕಿನಿಂದ ಹಳೆಯ ಸೀರೆಗಳನ್ನು ಸೇರಿಸಿ ಹೊಲಿದ ದೊಡ್ಡ ಕೌದಿ ತೆಗೆದು ಎರಡರ ಮೇಲೂ ಹರಡಿ, ಮೂಲೆಗಳನ್ನು ಎಳೆದು ಸರಿಮಾಡಿದರು.

"ಇದೇನ ನೀಲವ್ವ, ಉಣ್ಣಾಕ ಕೌದಿ ಹಾಸಾಕತ್ತಿ? ಸಾರ ಚೆಲ್ಲಿದರ ತೊಳ್ಯಾಕಿ ನಾನ."

"ಚೆಲ್ಲಲಿ."

"ಆಣಿ?"

"ಒಂದ ಚಾಪಿ ಮ್ಯಾಲೆ ಕೂಡಂಗಿಲ್ಲ ಅಂದಿದ್ನಿ. ಇಲ್ಲಿ ಎರಡ ಅದಾವ. ಬೇಕಾದ್ರ ಎತ್ತಿ ನೋಡು."

ಗುರಕ್ಕ ನಿಜವಾಗಿಯೂ ಕೌದಿಯ ಅಂಚು ಎತ್ತಿ ನೋಡಿದಳು. "ಪರೀಕ್ಷಾದಾಗ ಹುಡುಗೂರಿಗೆ ಅರ್ಧ ಮಾರ್ಕ್ ಬಿಟ್ಟಕೊಡಾಕಿ ಅಲ್ಲ ನೀ," ಎಂದಳು. "ಇವತ್ತ ಬಿಟ್ಟಕೊಟ್ಟಿ."

ವಿಶಾಲಿ ಬಂದಳು. ತಂದೆಯ ಫೋಟೊಗೆ ನಮಸ್ಕರಿಸಿ, ವಾಡಿಕೆಯಂತೆ ಅಡುಗೆಮನೆಯ ಕಡೆ ನಡೆದಳು.

"ಅಲ್ಲೆಲ್ಲಿ ಹೊಂಟಿ?" ಎಂದರು ಟೀಚರ್. "ತಾಟ ಇಲ್ಲೈತಿ."

ವಿಶಾಲಿ ಕೌದಿಯನ್ನು ನೋಡಿದಳು. ಕೂರುವಾಗ ಅವಳ ಅಂಗೈ ಎರಡು ಚಾಪೆಗಳ ನಡುವಿನ ತಗ್ಗಿಗೆ ಬಿತ್ತು. ಕೌದಿಯ ಕೆಳಗೆ ಚಾಪೆ ಇಲ್ಲದ ಜಾಗವನ್ನು ಮೆಲ್ಲಗೆ ಒತ್ತಿ ನೋಡಿ, ತಾಯಿಯ ಕಡೆ ತಿರುಗಿದಳು. ಟೀಚರ್ ಇನ್ನೊಂದು ಚಾಪೆಯ ಮೇಲೆ ಕೂತು, ಮಗಳ ತಾಟಿಗೆ ರೊಟ್ಟಿ ಹಾಕಿ, "ಪಲ್ಯಾಕ ಉಪ್ಪ ಕಡಿಮಿ ಆಗೈತಿ," ಎಂದರು.

"ಬರೋಬ್ಬರಿ ಐತಿ, ಅವ್ವ," ಎಂದಳು ವಿಶಾಲಿ. ಅವಳಿನ್ನೂ ತುತ್ತು ಮುರಿದಿರಲಿಲ್ಲ.

ಸಂಜೆ ಅವಳು ಹೊರಟಾಗ ಟೀಚರ್ ಗೂಡಿನಿಂದ ನನ್ನನ್ನು ತೆಗೆದುಕೊಟ್ಟರು. "ಕಡೀ ಪುಟ ಸುಳ್ಳೈತಿ. ಆದ್ರೂ ಓದು. ಬರೋ ವರ್ಷ ತಂದ ಕೊಡು. ಪುಸ್ತಕ ಇಟ್ಕೊಂಡ ಕೂತರ ನನಗ ಸೇರಂಗಿಲ್ಲ."

ಹೀಗೆ ನಾನು ಒಂದು ವರ್ಷ ಗದಗದಲ್ಲಿದ್ದೆ. ಈಗ ನನಗೆ ವಯಸ್ಸಾಗಿದೆ. ಬೆನ್ನಿನ ಅಂಟು ಬಿಟ್ಟಿದೆ, ಮುಖಪುಟದ ಹುಡುಗಿಯ ಬಣ್ಣ ಮಾಸಿದೆ. ಮತ್ತೆ ಅದೇ ಗೂಡಿನಲ್ಲಿ, ಬೂದು ರಟ್ಟಿನ ಪುಸ್ತಕಕ್ಕೆ ಒರಗಿದ್ದೇನೆ. ಆಮಿಶರು ಹೇಗೆ ಬದುಕುತ್ತಾರೆಂದು ಕೇಳುವವರಿಗೆ ಆ ಪುಸ್ತಕವನ್ನೇ ತೋರಿಸುತ್ತೇನೆ. ನನಗೆ ಗೊತ್ತಿರುವುದು ಮನುಷ್ಯರು ಏನನ್ನು ಬಯಸುತ್ತಾರೆ ಎಂಬುದಷ್ಟೇ.

ನನ್ನನ್ನು ಹಿಂದಿರುಗಿಸಲು ಬಂದಾಗ ವಿಶಾಲಿ ಗಂಡನನ್ನೂ ಕರೆತಂದಿದ್ದಳು. ಗುರಕ್ಕ ಪಕ್ಕದ ಮನೆಯಿಂದ ಮೂರನೆಯ ಚಾಪೆ ತಂದಳು.